ಬಣ್ಣದ ಹೆಸರು ಸಾಕು, ನಂಬರ್ ಕೊಡಿ

ಶಹಾಬಾದಿನ ನಮ್ಮ ಮನೆ ಪಡಸಾಲೆಯಲ್ಲಿ ರಜೆಯ ಹುಡುಗರಿಗೆ ಚಿತ್ರ ಕಲಿಸುತ್ತೇನೆ. ನಿವೃತ್ತ ಡ್ರಾಯಿಂಗ್ ಮಾಸ್ತರನಿಗೆ ಬೇರೇನು ಕೆಲಸ? ಹೋದ ಬೇಸಿಗೆ ಚಿಂಚೋಳಿ ಕಡೆಯ ಹುಡುಗನೊಬ್ಬ ತಮ್ಮ ಹೊಲದ ಮರದಿಂದ ಬಿಡಿಸಿದ ಹೆಜ್ಜೇನಿನ ಮೇಣ ತಂದಿದ್ದ. ಬಿಸಿ ಮೇಣದಲ್ಲಿ ಬಣ್ಣ ಕಲಸಿ ಫರಸಿ ಕಲ್ಲಿನ ಒರಟು ಮೈಮೇಲೆ ಬರೆಯುವುದು ನಮ್ಮ ಆಟ. ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಫಯೂಮ್‌ನಲ್ಲಿ ಸತ್ತವರ ಮುಖಗಳನ್ನು ಹೀಗೇ ಬರೆದಿದ್ದರು. ಪಟ್ಟಣದ ಕಲಾವಿದರು ಇದಕ್ಕೆ ಎನ್‌ಕಾಸ್ಟಿಕ್ ಅನ್ನುತ್ತಾರೆ.

ಹುಡುಗ ಕೈಗೆ ಸಿಕ್ಕ ತಾಮ್ರದ ಚಂಬಿನಲ್ಲೇ ಮೇಣ ಕರಗಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟಿದ್ದ. ಮರುದಿನ ಕಾಯಿಸಿದಾಗ, "ಸರ, ಮೇಣ ಹಸರ ಆಗ್ಯದ!" ಎಂದು ಕೂಗಿದ. ಮೇಣದೊಳಗಿನ ಕೊಬ್ಬಿನ ಆಮ್ಲ ತಾಮ್ರವನ್ನು ತಿಂದಿತ್ತು. ನೋಡಲು ಚೆಂದ, ನಂಬಲಿಕ್ಕೆ ಬಾರದು. ತಾಮ್ರದ ಕಿಲುಬಿನಿಂದ ಮಾಡುತ್ತಿದ್ದ ಹಳೆಯ ಹಸಿರುಗಳ ತಕರಾರೂ ಇದೇ: ತಾಮ್ರ ತನ್ನ ಜಾಗದಲ್ಲಿ ಸುಮ್ಮನೆ ಕೂರುವುದಿಲ್ಲ.

ಹಾಗಾದರೆ ಅಂಗಡಿಯ ನೀಲಿಹಸಿರು? ಅದರಲ್ಲೂ ಹಲವು ಸಲ ತಾಮ್ರವೇ ಇರುತ್ತದೆ, ಆದರೆ ಥ್ಯಾಲೋಸಯನಿನ್ ಎಂಬ ಉಂಗುರದ ನಡುವೆ ಸಿಕ್ಕಿಕೊಂಡು. ಬಿಸಿ ಮೇಣದ ಆಮ್ಲ ಅದನ್ನು ಅಲ್ಲಾಡಿಸಲಾರದು. ಅದರ ಹುಟ್ಟೂ ನಮ್ಮ ಚಂಬಿನ ಹಾಗೆ ಅಕಸ್ಮಾತ್. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಬಣ್ಣದ ಕಾರ್ಖಾನೆಯಲ್ಲಿ ಪಾತ್ರೆಯ ಗಾಜಿನ ಲೇಪ ಬಿರುಕುಬಿಟ್ಟು ಒಳಗಿನ ಕಬ್ಬಿಣಕ್ಕೆ ರಸ ತಾಗಿತು, ನೀಲಿ ಕಲ್ಮಶ ಕಾಣಿಸಿತು. ಕಬ್ಬಿಣದ ಜಾಗಕ್ಕೆ ತಾಮ್ರ ಬಂದ ಮೇಲೆ 1935ರಲ್ಲಿ ಅದು ಮಾರುಕಟ್ಟೆಗೂ ಬಂತು. ಒಳಗಿರುವುದು ಯಾವ ಬಣ್ಣದ ಪುಡಿ ಎಂದು ಹೇಳುವ ನಂಬರಿನಲ್ಲಿ ಅದು ನೀಲಿಯಾದರೆ ಪಿಬಿ 15, ಹಸಿರಾದರೆ ಪಿಜಿ 7. ಸಾಸಿವೆಯಷ್ಟು ಹಾಕಿದರೆ ಒಂದು ಡಬ್ಬಿ ಮೇಣ ಬಣ್ಣವಾಗುತ್ತದೆ. ತುಸು ಹೆಚ್ಚಾದರೆ ಕಪ್ಪಿಗೆ ತಿರುಗುತ್ತದೆ.

ಕೋಬಾಲ್ಟ್ ಮತ್ತು ಟೈಟಾನಿಯಮ್ ಸೇರಿಸಿ ಸುಟ್ಟ ಪಿಜಿ 50ರ ಸ್ವಭಾವ ಇದರ ತದ್ವಿರುದ್ಧ. ಭಾರದ ಪುಡಿ, ಕಲಕುತ್ತಿರದಿದ್ದರೆ ಕರಗಿದ ಮೇಣದ ತಳ ಹಿಡಿಯುತ್ತದೆ. ಆ ಪುಡಿ ಉಸಿರಿಗೆ ಹೋಗಬಾರದು, ಮಕ್ಕಳಿರುವಲ್ಲಿ ತೂಗುವಂತೆಯೇ ಇಲ್ಲ. ಎರಡೂ ಟರ್ಕ್ವಾಯ್ಸ್ ಎಂಬ ಹೆಸರಲ್ಲೇ ಬರಬಹುದು. ಬಿಸಿಲಿಗೆ ಮಾಸುವ ಅಗ್ಗದ ರಂಗೂ ಅದೇ ಹೆಸರು ಹೊತ್ತು ಬರುತ್ತದೆ. ನಮಗೆ ಸಿಕ್ಕ ಡಬ್ಬಿಯ ಮೇಲೆ ನವಿಲಿನ ಚಿತ್ರವಿತ್ತು, ಒಳಗೇನಿದೆ ಅನ್ನುವುದು ಇರಲಿಲ್ಲ. ಅಂಗಡಿಯವನನ್ನು ಕೇಳಿದರೆ, "ನಂಬರ್ ತಗೊಂಡು ಏನ್ ಮಾಡ್ತೀರಿ ಸರ, ಬಣ್ಣ ನೋಡ್ರಿ" ಎಂದ.

ಬಣ್ಣ ನೋಡಿಯೇ ನಾನು ಒಮ್ಮೆ ಮೋಸಹೋದವನು. ಸೇಡಂ ತಾಲ್ಲೂಕಿನ ಒಂದು ಶಾಲೆಯ ಹೊಸ ಗೋಡೆಗೆ ಸುಣ್ಣದ ಹಸಿ ಆರುವ ಮೊದಲೇ ಆಕಾಶ ಬರೆದಿದ್ದೆ. ವಾರ ಕಳೆಯುವುದರೊಳಗೆ ಆಕಾಶ ಕಂದಾಯಿತು. ಹುಡುಗರು ಮಳೆ ಬರುತ್ತದೆ ಅಂದುಕೊಂಡರು, ಇರಲಿ. ಡಬ್ಬಿಯಲ್ಲಿ ಇದ್ದದ್ದು ಪ್ರಷ್ಯನ್ ನೀಲಿ. 1706ರ ಸುಮಾರಿಗೆ ಬರ್ಲಿನ್‌ನಲ್ಲಿ ಹುಟ್ಟಿದ ಆ ಬಣ್ಣಕ್ಕೂ ಸುಣ್ಣದ ಕ್ಷಾರಕ್ಕೂ ಆಗುವುದಿಲ್ಲ; ನೀಲಿ ಒಡೆದು ಕಬ್ಬಿಣದ ಕಂದು ಉಳಿಯುತ್ತದೆ. ಮನೆಗೆ ಬಳಿಯುವ ಸುಣ್ಣಕ್ಕೆ ನಮ್ಮವ್ವ ಹಾಕುತ್ತಿದ್ದ ಬಟ್ಟೆ ನೀಲಿ ಮಾತ್ರ ಕೆಡುತ್ತಿರಲಿಲ್ಲ. ಅದು ಅಲ್ಟ್ರಾಮರೀನ್, ಸುಣ್ಣ ತಡೆಯುತ್ತದೆ. ಅವ್ವನಿಗೆ ಗೊತ್ತಿದ್ದದ್ದು ಡಬ್ಬಿ ನೋಡಿ ಕೊಂಡ ಮಾಸ್ತರನಿಗೆ ಗೊತ್ತಿರಲಿಲ್ಲ.

ಮನುಷ್ಯ ಮಾಡಿದ ಮೊದಲ ನೀಲಿ ಅನಿಸಿಕೊಂಡ ಈಜಿಪ್ಟ್ ನೀಲಿಯೂ ಸುಣ್ಣದ ಕಲ್ಲು, ಮರಳು, ತಾಮ್ರ ಕೂಡಿಸಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟದ್ದು. ವಾಡಿಯಲ್ಲಿ, ಸೇಡಂನಲ್ಲಿ ಅದೇ ಸುಣ್ಣದ ಕಲ್ಲನ್ನು 1450 ಡಿಗ್ರಿಯ ಗೂಡಿಗೆ ತಳ್ಳುತ್ತೇವೆ. ಹೊರಬರುವ ಸಿಮೆಂಟ್ ಚೀಲದ ಮೇಲೆ 43 ಗ್ರೇಡೋ 53 ಗ್ರೇಡೋ, ಯಾವ ವಾರ ತಯಾರಾಯಿತು ಎಂದು ಅಚ್ಚಾಗಿರುತ್ತದೆ. ಚಿತ್ತಾಪುರದ ಗೌಂಡಿ ಅದನ್ನು ಓದದೆ ಚೀಲ ಬಿಚ್ಚುವುದಿಲ್ಲ. ದುಬಾರಿ ಬಣ್ಣದ ಟ್ಯೂಬಿನ ಮೇಲೆ ನಂಬರ್ ಈಗಲೂ ಇರುತ್ತದೆ. ಶಾಲೆ ಮಕ್ಕಳು ಕೊಳ್ಳುವ ಅಗ್ಗದ ಡಬ್ಬಿಯ ಮೇಲೂ ಅದು ಅಚ್ಚಾಗಲಿ ಅನ್ನುವುದಷ್ಟೇ ನನ್ನ ಬೇಡಿಕೆ. ಖರ್ಚು ಒಂದು ಸಾಲಿನ ಮಸಿ. ಸರ್ಕಾರಿ ಶಾಲೆಗೆ ಬಣ್ಣ ಖರೀದಿಸುವವರು ಟೆಂಡರಿನಲ್ಲಿ ಇದೊಂದು ಷರತ್ತು ಸೇರಿಸಿದರೆ ಕಂಪನಿಗಳು ತಾವಾಗಿ ಅಚ್ಚುಹಾಕುತ್ತವೆ.

ಚಂಬಿನ ಹಸಿರು ಮೇಣದಿಂದ ಆ ಹುಡುಗ ಕಾಗಿಣಾ ನದಿ ಬರೆದ. ಫರಸಿಯ ಹಿಂದೆ ಸೀಸದ ಕಡ್ಡಿಯಿಂದ, "ತಾಮ್ರದ ಚಂಬು, ನಂಬರ್ ಇಲ್ಲ" ಎಂದು ಗೀಚಿದ್ದಾನೆ.