ಶೇ 30 ಎಂದು ಬರೆದು, ಕೈಗೆ ಸೊನ್ನೆ ಕೊಡುವ ಲೆಕ್ಕ

ಕಳೆದ ವಾರ ಮಾಳಮಡ್ಡಿಯ ಚಹಾದಂಗಡಿಯಲ್ಲಿ ಒಬ್ಬ ಮಾಜಿ ಹವಾಲ್ದಾರರು ಸಿಕ್ಕರು. 2017ರಲ್ಲಿ ಫೌಜಿನಿಂದ ನಿವೃತ್ತರಾದವರು. ಪ್ಲಾಸ್ಟಿಕ್ ಚೀಲದಿಂದ ಮಡಚಿದ ಹಾಳೆ ತೆಗೆದು, "ತಮ್ಮಾ, ಇದರಾಗ ಏನ್ ಬರದಾರ ಓದಿ ಹೇಳು" ಅಂದರು.

ನಿವೃತ್ತಿ ಹೊತ್ತಿನ ಮೆಡಿಕಲ್ ಬೋರ್ಡಿನ ಹಾಳೆ ಅದು. ಮುಖ್ಯವಾದದ್ದು ಎರಡೇ ಸಾಲು. ಮೊದಲನೆಯದು: ರಕ್ತದೊತ್ತಡ, ಅಂಗವೈಕಲ್ಯ ಶೇ 30, ಜೀವನಪೂರ್ತಿ. ಎರಡನೆಯದು ಇಂಗ್ಲಿಷಿನ ನಾಲ್ಕಕ್ಷರ: ಎನ್‌ಎಎನ್‌ಎ. ಅಂದರೆ ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ಕಾರ ಕೈ ತೊಳೆದುಕೊಂಡು "ನಾನಲ್ಲ" ಅಂದದ್ದು.

"ಕಾಕಾ, ಇದಕ್ಕ ನಿಮ್ಮ ಸಹಿ ಐತಲ್ಲ?"

"ಮಾಡು ಅಂದ್ರು, ಮಾಡಿದೆ. ಇಪ್ಪತ್ನಾಲ್ಕು ವರ್ಷ ಹಂಗ ಬದುಕಿದವ ನಾನು."

ಆ ಸಹಿಯ ಬೆಲೆ ಎಷ್ಟು ನೋಡೋಣ. ಅಂಗವೈಕಲ್ಯ ಪಿಂಚಣಿ ಸಿಗಲು ಎರಡು ಬಾಗಿಲು ದಾಟಬೇಕು. ಅಂಗವೈಕಲ್ಯ ಕನಿಷ್ಠ ಶೇ 20 ಇರಬೇಕು. ಅದು ಸೇವೆಯಿಂದ ಬಂದದ್ದು ಅಥವಾ ಹೆಚ್ಚಾದದ್ದು ಎಂದು ಒಪ್ಪಿರಬೇಕು. ಶೇ 100 ಇದ್ದರೆ ಕೊನೆಯ ವೇತನದ ಶೇ 30ರಷ್ಟು, ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 100ಕ್ಕೆ ತಿಂಗಳಿಗೆ 12,000, ಶೇ 30ಕ್ಕೆ 3,600. ಆದರೆ ಶೇ 20ರಿಂದ 49ರವರೆಗೆ ಇದ್ದದ್ದನ್ನು ಶೇ 50 ಎಂದು ಹಿಡಿಯುವ ಪದ್ಧತಿ ಇದೆ. ಪೂರ್ಣ ಸೇವೆ ಮುಗಿಸಿ ಬಂದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹಾಗಾದರೆ 6,000. ಎರಡನೇ ಬಾಗಿಲು ಮುಚ್ಚಿದ್ದರೆ ಮಾತ್ರ ಸೊನ್ನೆ.

ನನ್ನ ತಕರಾರು ಇರುವುದು ಆ ಎರಡನೇ ಬಾಗಿಲಿನ ಮೇಲೆ. ಭರ್ತಿಯ ದಿನ ಎದೆ, ಕಣ್ಣು, ಕಿವಿ, ಹಲ್ಲು ಎಲ್ಲ ತಪಾಸಣೆ ಮಾಡಿ "ಗಟ್ಟಿ ಆಳು" ಎಂದು ಒಳಗೆ ಕರೆದುಕೊಂಡವರು ಯಾರು? ಎರಡು ದಶಕ ಎತ್ತರದ ಹಿಮ, ಮರುಭೂಮಿಯ ಬಿಸಿಲು, ರಾತ್ರಿ ಪಹರೆ ಅಂತ ದುಡಿಸಿಕೊಂಡವರು ಯಾರು? ಹೋಗುವಾಗ "ಈ ಕಾಯಿಲೆ ನಿನ್ನ ಮನೆಯದು" ಎನ್ನುವುದಾದರೆ, ಯಾಕೆ ಎಂದು ಬರೆದು ತೋರಿಸುವ ಹೊಣೆ ಯಾರದು?

ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿಯಾಗಿದೆ. ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಭರ್ತಿಯಾದರು. ಮೂರ್ಛೆ ರೋಗದ ಕಾರಣಕ್ಕೆ ಶೇ 20 ಅಂಗವೈಕಲ್ಯ ಬರೆದು 1994ರಲ್ಲಿ ಮನೆಗೆ ಕಳಿಸಿದರು, ಸೇವೆಗೆ ಸಂಬಂಧವಿಲ್ಲ ಎಂದು ಪಿಂಚಣಿ ನಿರಾಕರಿಸಿದರು. 2013ರ ಜುಲೈನಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಭರ್ತಿ ವೇಳೆ ಕಾಯಿಲೆ ದಾಖಲಾಗಿಲ್ಲದಿದ್ದರೆ ಆತ ಆರೋಗ್ಯವಂತ ಎಂದೇ ಭಾವಿಸಬೇಕು, ರುಜುವಾತಿನ ಭಾರ ಸೈನಿಕನ ಮೇಲಲ್ಲ, ಬೋರ್ಡು ಕಾರಣ ಬರೆಯಬೇಕು ಎಂದಿತು. ಶೇ 20ಕ್ಕಾಗಿ 19 ವರ್ಷ! ನಮ್ಮ ಹವಾಲ್ದಾರರ ಹಾಳೆ ಆ ತೀರ್ಪಿನ ನಾಲ್ಕು ವರ್ಷ ನಂತರದ್ದು. ಕಾರಣದ ಜಾಗದಲ್ಲಿ ಇರುವುದು ಒಂದೇ ಸಾಲು: ಕಾಯಿಲೆ ಶಾಂತ ಪ್ರದೇಶದಲ್ಲಿ ಶುರುವಾಗಿದೆ. ಗಡಿಯಲ್ಲಿ ಸವೆದ ದೇಹ ಊರಿಗೆ ಬಂದ ಮೇಲೆ ಕುಸಿಯಬಾರದೇ?

"ಸುಳ್ಳು ಕಾಯಿಲೆ ಹೇಳಿ ಪಿಂಚಣಿ ಹೊಡೆಯುವವರೂ ಇದ್ದಾರೆ" ಎನ್ನುವವರಿದ್ದಾರೆ. ಇರಬಹುದು. ಎಲ್ಲ ಕಾಯಿಲೆಗೂ ಫೌಜೇ ಕಾರಣ ಎಂದು ನಾನೂ ಹೇಳುವುದಿಲ್ಲ. ಆದರೆ 2023ರ ಮಹಾಲೇಖಪಾಲರ ವರದಿ ಪ್ರಕಾರ ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾದವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲೇ ಹೆಚ್ಚು. ನಿಯಮ ಓದಬಲ್ಲವರು ಪಡೆಯುತ್ತಾರೆ, ಓದಲಾಗದವರು ಸಹಿ ಮಾಡುತ್ತಾರೆ. ಕಳ್ಳರನ್ನು ಹಿಡಿಯಲು ಓದಲಾಗದವನ ಬಾಗಿಲು ಮುಚ್ಚುವುದು ಯಾವ ನ್ಯಾಯ?

2016ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿಯಿಂದ ಆರು ದಿನದ ಮೇಲೆ ಜೀವಂತ ಸಿಕ್ಕು, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಜಿಲ್ಲೆಗೆ ಜಿಲ್ಲೆಯೇ ಅತ್ತಿತು. ಆ ಗೌರವ ಸಲ್ಲಲೇಬೇಕಾದದ್ದು. ಆದರೆ ಜೀವಂತ ಮರಳಿದವರ ಹಾಳೆ ಓದಿ ಹೇಳಲು ನಮ್ಮಲ್ಲಿ ಯಾರಿದ್ದಾರೆ? ಹೋರಾಡಿ ಪಡೆದ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ. ಸೈನಿಕನ ಪಿಂಚಣಿ ದಾವೆ ಮಾತ್ರ ಮೊದಲು ಹೋಗಬೇಕಾದದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ. ಕಾಲು ಎಳೆಯುವವನಿಗೆ ಕೊಚ್ಚಿ ಹತ್ತಿರವೇ?

ಕೇಳುವುದು ಮೂರೇ. ಸಹಿ ಹಾಕಿಸುವ ಮೊದಲು ಹಾಳೆಯನ್ನು ಸೈನಿಕನ ಭಾಷೆಯಲ್ಲಿ ಓದಿ ಹೇಳಿ. "ಅಲ್ಲ" ಎನ್ನುವುದಾದರೆ ಕಾರಣ ಬರೆಯಿರಿ. ನ್ಯಾಯಮಂಡಳಿಯ ಕಲಾಪ ನಮ್ಮ ಕಡೆಗೂ ಬರಲಿ.

ಅಲ್ಲಿಯವರೆಗೆ ನಿಮ್ಮೂರಿನ ಫೌಜಿ ಮನೆಯವರಿಗೆ ಇಷ್ಟು ಹೇಳಿ. ಮೆಡಿಕಲ್ ಬೋರ್ಡಿನ ಪ್ರತಿ ಕೈಯಲ್ಲಿರಲಿ, ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಬಂದವರಿಗೆ ಹೊಸ ನಿಯಮ, ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ವರಮಾನ ಎಷ್ಟೇ ಇರಲಿ.

ಹವಾಲ್ದಾರ ಕಾಕಾ ಹಾಳೆ ಮಡಚಿ ಮತ್ತೆ ಚೀಲಕ್ಕೆ ಹಾಕಿದರು. "ಈಗರೆ ತಿಳೀತಲ್ಲ ತಮ್ಮಾ, ಅರ್ಜಿ ಬರದು ಕೊಡು" ಅಂದರು. ಚಹಾ ಆರುವ ಮೊದಲೇ ಬರೆಯಲು ಕೂತೆವು.