ಎಣ್ಣೆ ಹಚ್ಚುವ ಕೈ

ಪ್ರೀತಿಯ ಮೊಮ್ಮಕ್ಕಳೇ,

ನಮ್ಮ ಅಗರ-ಮಾಂಬಳ್ಳಿ ಕಡೆ ಎಳೆಯ ಮಕ್ಕಳಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವ ಕೆಲಸ ಹೆಚ್ಚಾಗಿ ಅಜ್ಜಿಯದೇ. ಮಗುವಿನ ಮೈಯ ಉಬ್ಬುತಗ್ಗೆಲ್ಲ ಆ ಕೈಗೆ ಗೊತ್ತು. ಈ ವಾರ ನಾನು ಹೇಳುವ ಕಾಯಿಲೆಯನ್ನು ಎಷ್ಟೋ ಸಲ ಮೊದಲು ಗುರುತಿಸುವುದು ಅಂಥ ಕೈಯೇ.

ಅದರ ಹೆಸರು ವಿಲ್ಮ್ಸ್ ಗಡ್ಡೆ. ಮಕ್ಕಳ ಮೂತ್ರಪಿಂಡದಲ್ಲಿ ಬರುವ ಕ್ಯಾನ್ಸರ್. ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ಬಲು ಅಪರೂಪ; ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ, ಅದೂ ಹೆಚ್ಚಾಗಿ 5 ವರ್ಷದೊಳಗೆ. ಮಗು ಆಡಿಕೊಂಡೇ ಇರುತ್ತದೆ, ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಹೊಟ್ಟೆಯ ಒಂದು ಪಕ್ಕ ಮಾತ್ರ ಗಟ್ಟಿಯಾಗಿ ಉಬ್ಬಿರುತ್ತದೆ. ಕೆಲವರಿಗೆ ಮೂತ್ರದಲ್ಲಿ ರಕ್ತ, ಜ್ವರ ಕಾಣಿಸುತ್ತದೆ.

ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಮುನ್ಸೂಚನೆ ಇರುತ್ತದೆ. ಕಣ್ಣಿನ ಕಪ್ಪು ಬೊಟ್ಟಿನ ಸುತ್ತ ಇರಬೇಕಾದ ಬಣ್ಣದ ವರ್ತುಲ ಇಲ್ಲದಿರುವುದು, ಒಂದು ಕೈಕಾಲು ಇನ್ನೊಂದಕ್ಕಿಂತ ದಪ್ಪವಾಗಿ ಬೆಳೆಯುವುದು, ನಾಲಿಗೆ ತೀರಾ ದೊಡ್ಡದಿರುವುದು, ಗಂಡುಮಗುವಿನ ವೃಷಣ ಕೆಳಗಿಳಿಯದಿರುವುದು ಇಂಥವು. ಕಣ್ಣಿಗೂ ಮೂತ್ರಪಿಂಡಕ್ಕೂ ಎತ್ತಣ ನಂಟು ಅನ್ನುತ್ತೀರಾ? ನಾನು ಬ್ಯಾಂಕಿನಲ್ಲಿದ್ದವನು, ಲೆಡ್ಜರಿನ ಭಾಷೆಯಲ್ಲೇ ಹೇಳುತ್ತೇನೆ. ಲೆಡ್ಜರಿನ ಒಂದು ಹಾಳೆ ಹರಿದುಹೋದರೆ ಅದರಲ್ಲಿದ್ದ ಎರಡು ಖಾತೆಗಳ ಲೆಕ್ಕವೂ ಹೋಗುತ್ತದಲ್ಲವೇ? ನಮ್ಮ 11ನೇ ವರ್ಣತಂತುವಿನಲ್ಲಿ ಕಣ್ಣನ್ನು ರೂಪಿಸುವ ಜೀನು, ಮೂತ್ರಪಿಂಡವನ್ನು ರೂಪಿಸುವ ಜೀನು ಹತ್ತಿರ ಹತ್ತಿರ ಇವೆ. ಆ ತುಣುಕು ಕಳೆದುಹೋದರೆ ಎರಡಕ್ಕೂ ತೊಂದರೆ.

ಆದ್ದರಿಂದ ಗ್ರಹಣದ ದೋಷ, ಸೊಸೆಯ ತಪ್ಪು ಎಂದು ಯಾರೂ ಅನ್ನಬೇಡಿ. ಅಂಥ ಗುರುತಿರುವ ಎಲ್ಲ ಮಕ್ಕಳಿಗೂ ಗಡ್ಡೆ ಬರುವುದಿಲ್ಲ. ಆದರೆ ಡಾಕ್ಟರು ಹೇಳಿದರೆ 7-8 ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಚಿಕ್ಕದಿರುವಾಗಲೇ ಸಿಕ್ಕಿದ ಗಡ್ಡೆಗೆ ಚಿಕಿತ್ಸೆ ಸುಲಭ.

ಅಜ್ಜಿಯರೇ, ಕೈಗೆ ಗಂಟು ಸಿಕ್ಕಿದರೆ ಒತ್ತಿ ಒತ್ತಿ ನೋಡಬೇಡಿ, ಹೊಟ್ಟೆ ನೀವಿಸಬೇಡಿ. ಗಡ್ಡೆ ಒಡೆದರೆ ಕಾಯಿಲೆ ಹರಡುತ್ತದೆ. ಹಬ್ಬ ಮುಗಿಯಲಿ, ಫಸಲು ಬರಲಿ ಎಂದು ಕಾಯದೆ ಯಳಂದೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. ಖರ್ಚಿಗೆ ಹೆದರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ. 2013ರಿಂದ ಅಂಗನವಾಡಿ, ಶಾಲೆಗಳಿಗೆ ಮಕ್ಕಳ ತಪಾಸಣೆಗೆಂದು ಸರ್ಕಾರದ ವೈದ್ಯರ ತಂಡವೂ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ.

ಆಪರೇಷನ್ ಮಾಡಿ ಗಡ್ಡೆಯಿರುವ ಮೂತ್ರಪಿಂಡ ತೆಗೆದು, ಔಷಧಿ ಕೊಡುತ್ತಾರೆ. ಸಕಾಲದಲ್ಲಿ ಪೂರ್ತಿ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ. ಉಳಿದ ಒಂದು ಮೂತ್ರಪಿಂಡ ಜೀವನಕ್ಕೆ ಸಾಕು.

ಮೊಮ್ಮಕ್ಕಳೇ, ನಿಮ್ಮ ತರಗತಿಗೆ ಕೂದಲು ಉದುರಿದ ಗೆಳೆಯನೋ, ಬಿಸಿಲಿಗೆ ಕಣ್ಣು ಕಿರಿದು ಮಾಡುವ ಗೆಳತಿಯೋ ಬಂದರೆ ನಗಬೇಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೂದಲು ಮತ್ತೆ ಬೆಳೆಯುತ್ತದೆ.

ಮುಂದಿನ ವಾರ ಸಿಗೋಣ.

ನಿಮ್ಮ ತಾತ