ಆ ತೊಟ್ಟಿಲನ್ನು ಯಾರಿಗೂ ಕೊಡಬೇಡಿ

2019ರ ಏಪ್ರಿಲ್ 12ರಂದು ಅಮೆರಿಕದ ಫಿಶರ್-ಪ್ರೈಸ್ ಕಂಪನಿ ತನ್ನ 'ರಾಕ್ ಎನ್ ಪ್ಲೇ' ಎಂಬ ಶಿಶು ತೊಟ್ಟಿಲನ್ನು ವಾಪಸ್ ಪಡೆಯುವುದಾಗಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ಮಾರಾಟವಾಗಿದ್ದವು ಸುಮಾರು 47 ಲಕ್ಷ. ಅದರಲ್ಲಿ ಮಲಗಿಸಿದ್ದ ಮೂವತ್ತಕ್ಕೂ ಹೆಚ್ಚು ಹಸುಗೂಸುಗಳು ತೀರಿಕೊಂಡ ವರದಿಗಳು ಆ ಹೊತ್ತಿಗಾಗಲೇ ಬಂದಿದ್ದವು. 2023ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅದೇ ಎಚ್ಚರಿಕೆಯನ್ನು ಇನ್ನೊಮ್ಮೆ ಹೊರಡಿಸಬೇಕಾಗಿ ಬಂತು. ಅಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕ ಸಾವುಗಳು ಸುಮಾರು ನೂರಕ್ಕೇರಿದ್ದವು. ಅವುಗಳಲ್ಲಿ ಕನಿಷ್ಠ ಎಂಟು ಸಾವು ಸಂಭವಿಸಿದ್ದು ಮೊದಲ ಪ್ರಕಟಣೆಯಾದ ಮೇಲೆ.

ಆ ಎಂಟು ಮಕ್ಕಳ ಬಗ್ಗೆ ಯೋಚಿಸಿ. ಅಪಾಯ ಏನೆಂದು ಕಂಪನಿಗೆ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಿತ್ತು, ಪತ್ರಿಕೆಗಳು ಬರೆದಾಗಿತ್ತು. ಆದರೂ ತೊಟ್ಟಿಲು ಮನೆಯಿಂದ ಹೊರಗೆ ಹೋಗಿರಲಿಲ್ಲ. ಅಥವಾ ಒಂದು ಮನೆಯಿಂದ ಹೊರಟು ಇನ್ನೊಂದು ಮನೆ ಸೇರಿತ್ತು.

ಅದರಲ್ಲಿದ್ದ ದೋಷ ಸಣ್ಣದೇನಲ್ಲ. ಹಾಸಿಗೆ ಸುಮಾರು 30 ಡಿಗ್ರಿ ಓರೆಯಾಗಿತ್ತು. ಕತ್ತು ನಿಲ್ಲದ ಕೂಸನ್ನು ಹಾಗೆ ಓರೆಯಾಗಿ ಮಲಗಿಸಿದರೆ ಗದ್ದ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಕಟ್ಟಬಹುದು. ಮಗ್ಗುಲಾದರೆ ಮುಖ ಮೆತ್ತೆಗೆ ಹೂತುಹೋಗಬಹುದು. ಕೂಸನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಆ ಒಂದು ಉತ್ಪನ್ನದಿಂದ ಕಂಪನಿಗೆ ಬಂದ ಆದಾಯ ಕನಿಷ್ಠ 20 ಕೋಟಿ ಡಾಲರ್ ಎಂದು 2021ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ವರದಿ ಮಾಡಿತು. ಓರೆ ತೊಟ್ಟಿಲುಗಳನ್ನೇ ನಿಷೇಧಿಸುವ ಕಾನೂನು ಬಂದದ್ದು 2022ರಲ್ಲಿ.

ದೂರದ ದೇಶದ ಕಥೆ ಎಂದು ಪುಟ ತಿರುಗಿಸಬೇಡಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬರುವ ತಾಯಂದಿರು ನಮ್ಮ ಊರೂರಲ್ಲಿದ್ದಾರೆ. ಮೊಮ್ಮಗು ಬೆಳೆದ ಮೇಲೆ ಅದರ ಸಾಮಾನು ಸೂಟ್‌ಕೇಸಿನಲ್ಲಿ ಊರಿಗೆ ಬರುತ್ತದೆ, ಇನ್ನೊಬ್ಬ ಮಗಳ ಮನೆಗೆ ಹೋಗುತ್ತದೆ. ತೊಟ್ಟಿಲನ್ನು ಕೈಯಿಂದ ಕೈಗೆ ದಾಟಿಸುವುದು ನಮ್ಮಲ್ಲಿ ಶುಭದ ಕೆಲಸ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಮೊದಲು ಹಳೇ ಬಟ್ಟೆ ತೊಡಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿರುವ ಅಕ್ಕರೆಯನ್ನು ನಾನು ಗೌರವಿಸುತ್ತೇನೆ. ಆದರೆ ವಾಪಸ್ ಕರೆಸಿದ ವಸ್ತು ಇದೇ ಅಕ್ಕರೆಯ ದಾರಿಯಲ್ಲಿ ಸಾಗಿ ಎಲ್ಲ ಎಚ್ಚರಿಕೆಗಳಿಂದ ತಪ್ಪಿಸಿಕೊಳ್ಳುತ್ತದೆ. ಮೊದಲು ಕೊಂಡವರ ಹೆಸರು ಕಂಪನಿಯ ಕಡತದಲ್ಲಿರಬಹುದು. ಎರಡನೆಯ, ಮೂರನೆಯ ಮನೆಯ ವಿಳಾಸ ಯಾರ ಬಳಿಯೂ ಇರುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪಾಯಕಾರಿ ಸರಕನ್ನು ವಾಪಸ್ ತರಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಪ್ರೆಶರ್ ಕುಕ್ಕರ್ ಮಾರುವಂತಿಲ್ಲ. ಆಮೇಲೂ ಅಂಥವು ಆನ್‌ಲೈನಿನಲ್ಲಿ ಬಿಕರಿಯಾದವು. 2022ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಅಮೆಜಾನ್‌ಗೆ 2,265 ಕುಕ್ಕರ್, ಫ್ಲಿಪ್‌ಕಾರ್ಟ್‌ಗೆ 598 ಕುಕ್ಕರ್ ವಾಪಸ್ ಪಡೆದು ಹಣ ಹಿಂದಿರುಗಿಸಲು ಆದೇಶಿಸಿತು. ಇಬ್ಬರಿಗೂ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಆ ಕುಕ್ಕರ್‌ಗಳ ಮೇಲೆ ಅಮೆಜಾನ್ ಪಡೆದ ಶುಲ್ಕವೇ ಆರು ಲಕ್ಷ ದಾಟಿತ್ತು! ಎರಡೂ ಕಂಪನಿಗಳು ಆದೇಶವನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟ್‌ಗೆ ಹೋದವು. ಮೂರು ಕೂಗು ಕೂಗಿಸಿ ಅನ್ನ ಇಳಿಸುವ ಹೆಂಗಸಿನ ಮುಖದಿಂದ ಮೊಳದಷ್ಟು ದೂರದಲ್ಲಿ ಆ ಕುಕ್ಕರ್ ಇರುತ್ತದೆ. ಆವಿ ಮಿತಿಮೀರಿದಾಗ ಸೇಫ್ಟಿ ವಾಲ್ವ್ ಬಿಟ್ಟುಕೊಳ್ಳದಿದ್ದರೆ ಮುಚ್ಚಳ ಸಿಡಿಯುತ್ತದೆ. ಹಬ್ಬದ ಸೇಲ್ ಬಂದಾಗ ದಿನಕ್ಕೆ ಹತ್ತು ಮೆಸೇಜ್ ಕಳಿಸುವವರಿಗೆ, ಬಾಗಿಲ ತನಕ ಬಂದು ಡಬ್ಬ ಕೊಟ್ಟುಹೋಗುವವರಿಗೆ, ಅದೇ ಬಾಗಿಲಿಗೆ ಬಂದು ಡಬ್ಬ ಎತ್ತಿಕೊಂಡು ಹೋಗುವುದು ಕಷ್ಟವೇ? ಫೋನ್ ನಂಬರ್ ಅವರಲ್ಲಿದೆ, ವಿಳಾಸ ಅವರಲ್ಲಿದೆ. ಇಲ್ಲದಿರುವುದು ಮನಸ್ಸು.

ಸಂತೆಯಲ್ಲಿ, ಜಾತ್ರೆಯಲ್ಲಿ ಬಿಲ್ಲಿಲ್ಲದೆ ಕೊಂಡ ಆಟಿಕೆಯದ್ದು ಇನ್ನೂ ಕಷ್ಟ. 2021ರ ಜನವರಿ 1ರಿಂದ ಆಟಿಕೆಗಳಿಗೂ ಐಎಸ್‌ಐ ಗುರುತು ಕಡ್ಡಾಯ. ಆದರೂ ಮಿಣಮಿಣ ಮಿನುಗುವ ಅಗ್ಗದ ಗೊಂಬೆಯ ಹಿಂಬದಿಯನ್ನು ಒಮ್ಮೆ ನೋಡಿ: ಸ್ಕ್ರೂ ಇಲ್ಲದ, ಉಗುರಿಗೇ ತೆರೆದುಕೊಳ್ಳುವ ಮುಚ್ಚಳದಡಿ ನಾಣ್ಯದಂಥ ಬ್ಯಾಟರಿ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಅನ್ನನಾಳ ಗಂಭೀರವಾಗಿ ಸುಡಬಹುದು. ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ವಾಂತಿ ಮಾಡಿಸದೆ, ಬೆಳಗಾಗಲೆಂದು ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಇದನ್ನು ಎಷ್ಟು ತಾಯಂದಿರಿಗೆ ಯಾರು ಹೇಳಿದ್ದಾರೆ?

ಹೇಳಬಲ್ಲವರು ನಮ್ಮಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಹೋಗಬೇಕೆಂಬ ನಿಯಮವಿದೆ. ಕೂಸಿನ ತೂಕ ನೋಡುವ ಆ ಕೈಗೆ ಚಿತ್ರವಿರುವ ಒಂದು ಕನ್ನಡದ ಹಾಳೆ ಕೊಡಿ: ಯಾವ ವಸ್ತು ಬೇಡ, ಇದ್ದರೆ ಎಲ್ಲಿಗೆ ತಿಳಿಸಬೇಕು. ಅದಕ್ಕೆ ತಗಲುವ ಶ್ರಮಕ್ಕೆ ಆಕೆಗೆ ಹಣವನ್ನೂ ಕೊಡಿ. ವಾಪಸಾತಿಯ ಪ್ರಕಟಣೆಯನ್ನು ಇಂಗ್ಲಿಷ್ ವೆಬ್‌ಸೈಟಿನ ಮೂಲೆಯಲ್ಲಿ ಹಾಕಿ ಕೈತೊಳೆದುಕೊಳ್ಳುವುದನ್ನು ಸರ್ಕಾರ ಒಪ್ಪಬಾರದು. ಎಷ್ಟು ಮಾರಿದಿರಿ, ಎಷ್ಟು ವಾಪಸ್ ಬಂತು ಎಂದು ಪ್ರತಿ ತಿಂಗಳು ಕೇಳಬೇಕು, ಉತ್ತರವನ್ನು ಜನರ ಮುಂದಿಡಬೇಕು.

ಇನ್ನು ನಾವು. ಅಪಾಯವೆಂದು ಗೊತ್ತಾದ ವಸ್ತುವನ್ನು ನಾವು ಏನು ಮಾಡುತ್ತೇವೆ? ಮನೆಗೆಲಸದವಳಿಗೆ ಕೊಡುತ್ತೇವೆ. ಗುಜರಿಗೆ ಹಾಕುತ್ತೇವೆ, ಅಲ್ಲಿಂದ ಅದು ರಿಪೇರಿಯಾಗಿ ಇನ್ನೊಂದು ಒಲೆಯ ಮೇಲೇರುತ್ತದೆ. ನಮ್ಮ ಮಗುವಿಗೆ ಬೇಡವಾದ ಅಪಾಯವನ್ನು ಬಡವರ ಮಗುವಿನ ಮಗ್ಗುಲಿಗೆ ಇಟ್ಟು ಬರುತ್ತೇವೆ, ದಾನ ಮಾಡಿದೆವೆಂದು ನೆಮ್ಮದಿ ಪಡುತ್ತೇವೆ. ಇದು ಪಾಪ. ಬೇರೆ ಹೆಸರು ನನಗೆ ತೋಚುತ್ತಿಲ್ಲ.

ಅಟ್ಟದ ಮೇಲಿರುವ ತೊಟ್ಟಿಲು, ಆಟಿಕೆ, ಹಳೇ ಕುಕ್ಕರ್‌ಗಳನ್ನು ಈ ವಾರವೇ ಕೆಳಗಿಳಿಸಿ. ಐಎಸ್‌ಐ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಿ. ಸಂಶಯವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನೀವು ಯಾರಿಗಾದರೂ ಈಗಾಗಲೇ ಕೊಟ್ಟಿದ್ದರೆ, ಸಂಕೋಚ ಬಿಟ್ಟು ಅವರ ಮನೆಗೆ ಹೋಗಿ ಕೇಳಿ ವಾಪಸ್ ತನ್ನಿ. ಕಂಪನಿ ತೆಗೆದುಕೊಳ್ಳುವುದಾದರೆ ಕಳಿಸಿ. ಇಲ್ಲವಾದರೆ ಮತ್ತೆ ಯಾರೂ ಬಳಸಲಾಗದಂತೆ ಮುರಿದು ಹಾಕಿ.